ಅಮ್ಮಸಂದ್ರದ ಜಗಲಿಯಲ್ಲಿ ಎರಡು ಆಂಪ್ಲಿಫೈಯರ್

ಅಮ್ಮಸಂದ್ರದ ರೈಲ್ವೆ ಸ್ಟೇಷನ್ನಿನಿಂದ ಅಷ್ಟು ದೂರವಿಲ್ಲದ ಒಂದು ತೋಟದ ಮನೆ. ಜಗಲಿಯ ಮೇಜಿನ ಮೇಲೆ ಎರಡು ವಾಲ್ವ್ ಆಂಪ್ಲಿಫೈಯರ್ ಇವೆ. ಒಂದು ಕ್ವಾಡ್ 2. ಇಂಗ್ಲೆಂಡಿನ ಹಂಟಿಂಗ್ಡನ್ನಿನಲ್ಲಿ ಪೀಟರ್ ವಾಕರ್ ಅವರ ಕಂಪನಿ 1953ರಲ್ಲಿ ಹೊರತಂದ ಮಾದರಿ. ಬೆಂಗಳೂರಿನ ಹಳೆಯ ಮನೆಯೊಂದರಿಂದ ಜೋಡಿ ಕೊಂಡ ಹುಡುಗ ಅದರಲ್ಲಿ ಒಂದನ್ನು ಹೊತ್ತು ತಂದಿದ್ದಾನೆ. ಇನ್ನೊಂದು ಈ ಸೀಮೆಯದೇ ಮೈಕ್ ಸೆಟ್ಟಿನ ಆಂಪ್ಲಿಫೈಯರ್. ತೆಂಗಿನಕಾಯನ್ನು ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಊರು ಇದು. ಆ ಕಾಯಿಗಳ ಮಗ್ಗುಲಲ್ಲೇ ವರ್ಷಗಟ್ಟಲೆ ಕೂತಿದ್ದರಿಂದ ಅದರ ಟ್ರಾನ್ಸ್‌ಫಾರ್ಮರಿನ ಮೇಲೆ ಮಸಿ ಜಿಡ್ಡುಗಟ್ಟಿದೆ.

ಹಿರಿಯರು ಒಂದು ಕಾಲದಲ್ಲಿ ರೇಡಿಯೊ ರಿಪೇರಿ ಮಾಡುತ್ತ, ಜಾತ್ರೆಗೆ ನಾಟಕಕ್ಕೆ ಮೈಕ್ ಸೆಟ್ ಕಟ್ಟುತ್ತಿದ್ದವರು. ಕಿರಿಯ ಬೆಂಗಳೂರಿನಲ್ಲಿ ಎಂಜಿನಿಯರ್. ಹಳೆಯದು ಹಾಗೇ ಉಳಿಯಬೇಕು ಎನ್ನುವವನು ಕಿರಿಯ, ಕೆಟ್ಟದ್ದನ್ನು ಕಿತ್ತು ಹೊಸದು ಹಾಕು ಎನ್ನುವವರು ಹಿರಿಯರು. ವಯಸ್ಸಿಗೆ ತಿರುಗಾಮುರುಗಾ ಆದ ಈ ವಾದ ನನಗೆ ಬರೆದಿಡುವಂಥದ್ದು ಅನ್ನಿಸಿತು.

ಕಿರಿಯ: ಮಾವ, ಇದರೊಳಗೆ ಒಂದು ರೆಸಿಸ್ಟರ್ ಕೂಡ ಬದಲಾಗಿಲ್ಲ. ಸಾಲ್ಡರ್ ಸಹ ಕಂಪನಿಯವರು ಹಾಕಿದ್ದೇ. ಇದನ್ನ ಹೀಗೇ ಉಳಿಸಿಕೊಂಡು ಹಾಡಿಸಬೇಕು ಅಂತ ಆಸೆ.

ಹಿರಿಯರು: ಆಸೆ ಆಮೇಲೆ. ಕರೆಂಟಿಗೆ ಹಾಕಿದ್ಯಾ, ಇಲ್ವಾ? ಅದು ಹೇಳು ಮೊದ್ಲು.

ಕಿರಿಯ: ಇಲ್ಲ ಮಾವ. ನೀವು ನೋಡೋ ತನಕ ಮುಟ್ಟಬಾರದು ಅಂತ ಬಿಟ್ಟಿದೀನಿ.

ಹಿರಿಯರು: ಒಳ್ಳೇ ಕೆಲಸ ಮಾಡ್ದೆ. ಅಟ್ಟದ ಮೇಲೆ ಇಪ್ಪತ್ತು ವರ್ಷ ಚೆನ್ನಾಗೇ ಇರೋ ಪೆಟ್ಟಿಗೆ, ಇಳಿಸಿದ ದಿನ ಐದು ನಿಮಿಷಕ್ಕೆ ಸುಟ್ಟುಹೋಗುತ್ತೆ. ಫಿಲ್ಟರ್ ಕಂಡೆನ್ಸರ್ ಒಳಗೆ ಅಲ್ಯೂಮಿನಿಯಂ ಹಾಳೆ ಮೇಲೆ ಒಂದು ಆಕ್ಸೈಡ್ ಪದರ ಇರುತ್ತೆ. ವೋಲ್ಟೇಜ್ ಕಾಣದೆ ಬಹಳ ದಿನ ಬಿದ್ದಿದ್ರೆ ಆ ಪದರ ತೆಳ್ಳಗಾಗುತ್ತೆ. ಒಮ್ಮೆಗೇ ಮುನ್ನೂರು ವೋಲ್ಟ್ ಮೇಲೆ ಬಿದ್ರೆ ಕರೆಂಟ್ ನುಗ್ಗಿ, ಕಾದು, ಸಿಡಿದು, ಜೊತೆಗೆ ರೆಕ್ಟಿಫೈಯರ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ತಗೊಂಡು ಹೋಗುತ್ತೆ.

ಕಿರಿಯ: ಅದಕ್ಕೇ ವೋಲ್ಟೇಜನ್ನ ನಿಧಾನವಾಗಿ ಏರಿಸೋ ವೇರಿಯಾಕ್ ತರೋಣ ಅಂದ್ಕೊಂಡಿದ್ದೆ.

ಹಿರಿಯರು: ಇದ್ರೆ ತಾ. ಇಲ್ದಿದ್ರೂ ಕೆಲಸ ನಿಲ್ಲಲ್ಲ. ಅಗೋ, ಆ ಹಲಗೆ ಮೇಲೆ ಹೋಲ್ಡರಿಗೆ ಸಿಕ್ಕಿಸಿರೋದು 100 ವ್ಯಾಟ್ ಬಲ್ಬು. ಹಳೇ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಮೇನ್ಸಿಗೂ ಪೆಟ್ಟಿಗೆಗೂ ಮಧ್ಯೆ ಸೀರೀಸಲ್ಲಿ ಕೊಡ್ತೀವಿ. ಒಳಗೆ ಎಲ್ಲೋ ಷಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯುತ್ತೆ, ಪೆಟ್ಟಿಗೆಗೆ ಏನೂ ಆಗಲ್ಲ. ಮೊದ್ಲು ಹೊತ್ಕೊಂಡು ಆಮೇಲೆ ಮಂಕಾದ್ರೆ ಜೀವ ಐತೆ ಅಂತ ಲೆಕ್ಕ.

ಬಲ್ಬು ಹೊತ್ತಿ ಮಂಕಾಯಿತು. ರೆಕ್ಟಿಫೈಯರ್ ನಿಧಾನವಾಗಿ ಕೆಂಪಗಾಯಿತು. ಹಿರಿಯರು ಎರಡು ಕೆಟಿ66 ವಾಲ್ವ್‌ಗಳನ್ನು ಮೊದಲೇ ಕಿತ್ತು ಬಟ್ಟೆಯ ಮೇಲೆ ಮಲಗಿಸಿದ್ದರು. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು, ಒಂದೇ ಕೈಯಲ್ಲಿ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಖಾಲಿ ಸಾಕೆಟ್ಟಿನ ಗ್ರಿಡ್ ಪಿನ್ನಿಗೆ ಮುಟ್ಟಿಸಿದರು.

ಹಿರಿಯರು: ಇಲ್ಲಿ ಸೊನ್ನೆ ಬರಬೇಕು. ಎಷ್ಟು ತೋರಿಸ್ತೈತೆ ಓದು. ಬೇಗ, ಭಾರ ಇಲ್ದಿದ್ರೆ ಎಚ್‌ಟಿ, ಅಂದ್ರೆ ಒಳಗಿನ ಹೈ ವೋಲ್ಟೇಜ್, ಏರಿಬಿಡುತ್ತೆ.

ಕಿರಿಯ: ನಾಲ್ಕು ವೋಲ್ಟ್ ಪಾಸಿಟಿವ್.

ಹಿರಿಯರು: ಬಲ್ಬಿನ ಮೇಲೇ ನಾಲ್ಕು! ಪೂರ್ತಿ ಮೇನ್ಸ್ ಕೊಟ್ರೆ ಇನ್ನೂ ಜಾಸ್ತಿ. ನಿನ್ನ ಒರಿಜಿನಲ್ ಕಪ್ಲಿಂಗ್ ಕಂಡೆನ್ಸರ್ ಸೋರ್ತೈತೆ ಕಣಪ್ಪ. ಹಿಂದಿನ ಇಎಫ್86 ವಾಲ್ವಿನ ಪ್ಲೇಟಿನ ಡಿಸಿನ ಅದು ತಡೀಬೇಕಿತ್ತು, ಹಾಡನ್ನ ಮಾತ್ರ ದಾಟಿಸಬೇಕಿತ್ತು. ಪೇಪರ್ ಕಂಡೆನ್ಸರ್, ಎಪ್ಪತ್ತು ವರ್ಷದಲ್ಲಿ ತೇವ ಕುಡಿದೈತೆ. ಈ ನಾಲ್ಕು ವೋಲ್ಟ್ ಗ್ರಿಡ್ಡಿಗೆ ಹೋದ್ರೆ ಕೆಟಿ66 ಲಗಾಮಿಲ್ಲದೆ ಕರೆಂಟ್ ಎಳೀತದೆ, ಪ್ಲೇಟು ಕೆಂಪಗಾಗ್ತದೆ. ಎರಡು ವಾಲ್ವಿಗೂ ಸೇರಿ ಒಂದೇ 180 ಓಮ್ ಕ್ಯಾಥೋಡ್ ರೆಸಿಸ್ಟರ್ ಇರೋದು. ಅದು ಕಾದು ಬೆಲೆ ತಪ್ಪುತ್ತೆ. ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ನಿನ್ನ ಕೆಟಿ66 ಯಾರದ್ದು?

ಕಿರಿಯ: ಇಂಗ್ಲೆಂಡಿನ ಜಿಇಸಿಯದ್ದೇ. ಒರಿಜಿನಲ್.

ಹಿರಿಯರು: ಆ ಫ್ಯಾಕ್ಟರಿ ಇವತ್ತು ಇಲ್ಲ. ಮತ್ತೆ ಹುಟ್ಟದ ವಾಲ್ವನ್ನ, ಯಾವ ಅಂಗಡೀಲೂ ಸಿಗೋ ಕಂಡೆನ್ಸರಿಗೋಸ್ಕರ ಸುಡ್ತೀಯಾ?

ಕಿರಿಯ: ಸುಡಬೇಕು ಅಂತ ನಾನು ಹೇಳ್ತಿಲ್ಲ ಮಾವ. ಆದ್ರೆ ಇದಕ್ಕೆ ಒಂದು ಕೊನೆ ಇರುತ್ತಾ? ಇವತ್ತು ನೀವು ಕಂಡೆನ್ಸರ್ ಅನ್ನೋ ಕಪ್ಲಿಂಗ್ ಕೆಪಾಸಿಟರ್, ನಾಳೆ ಫಿಲ್ಟರ್, ನಾಡಿದ್ದು ಬೆಲೆ ತಪ್ಪಿದ ರೆಸಿಸ್ಟರ್‌ಗಳು, ಆಮೇಲೆ ಸಾಕೆಟ್ಟು. ಎಲ್ಲ ಮುಗಿದಾಗ ಷಾಸಿ, ಮೇಲಿನ ಬಣ್ಣ ಬಿಟ್ಟು ಏನು ಉಳಿಯುತ್ತೆ? ವಾಕರ್ ಯಾವ ಭಾಗ ಆರಿಸಿದ್ರೋ ಆ ಭಾಗಗಳ ಸದ್ದು ಹೋಗಿ, ಬೆಂಗಳೂರಿನ ಎಸ್‌ಪಿ ರೋಡಿನ ಭಾಗಗಳ ಸದ್ದು ಬರುತ್ತೆ.

ಹಿರಿಯರು: ವಾಕರ್ ಸೋರೋ ಕಂಡೆನ್ಸರ್ ಆರಿಸಿರಲಿಲ್ಲ. ಅವನು ಹಾಕಿದಾಗ ಅದು ಹೊಸದು, 0.1 ಮೈಕ್ರೊಫ್ಯಾರಡ್, ಸೋರಿಕೆ ಇಲ್ಲ. ಇವತ್ತು ನಾನು ಹಾಕೋ ಪಾಲಿಪ್ರಾಪಿಲೀನ್ ಕಂಡೆನ್ಸರೂ 0.1, ಸೋರಿಕೆ ಇಲ್ಲ. 1953ರಲ್ಲಿ ಅವನು ಕೇಳಿದ ಸದ್ದಿಗೆ ಹತ್ತಿರ ಇರೋದು ಯಾವುದು, ನಿನ್ನ ಒರಿಜಿನಲ್ಲಾ, ನನ್ನ ಹೊಸದಾ?

ಕಿರಿಯ ಸ್ವಲ್ಪ ಹೊತ್ತು ಸುಮ್ಮನಾದ. ಈ ಪ್ರಶ್ನೆ ಗಟ್ಟಿಯಾದದ್ದು. ಯಂತ್ರದ ಪ್ರಾಮಾಣಿಕತೆ ಅದರ ಭಾಗಗಳಲ್ಲಿದೆಯೋ ಅದು ಮಾಡುವ ಕೆಲಸದಲ್ಲಿದೆಯೋ ಎಂಬುದು ಜಗತ್ತಿನ ಎಲ್ಲ ರಿಪೇರಿ ಮೇಜುಗಳ ಮೇಲೂ ಇರುವ ಜಗಳ. ಆದರೆ ಹುಡುಗ ಬರಿಗೈಯಲ್ಲಿ ಬಂದಿರಲಿಲ್ಲ.

ಕಿರಿಯ: ಸರಿ, ಬದಲಾಯಿಸೋಣ. ಆದ್ರೆ ಫಿಲ್ಟರಿನ 16+16 ಡಬ್ಬಿ ಕಿತ್ತು ಹಾಕೋದು ಬೇಡ. ಡಬ್ಬಿಯ ಬುಡ ಬಿಡಿಸಿ, ಒಳಗಿನ ಸುರುಳಿ ತೆಗೆದು, ಅದೇ ಡಬ್ಬಿಯೊಳಗೆ ಹೊಸ ಕೆಪಾಸಿಟರ್ ಕೂರಿಸೋಣ. ಹೊಸವು ಈಗ ಬೆರಳಿನಷ್ಟು ಚಿಕ್ಕವು, ಆರಾಮಾಗಿ ಹಿಡಿಸ್ತವೆ. ಪೇಪರ್ ಕೆಪಾಸಿಟರಿನ ಕೊಳವೆಗೂ ಹಾಗೇ ಮಾಡಬಹುದು. ಹೊರಗಿನಿಂದ ನೋಡಿದ್ರೆ 1953ರ ಹಾಗೇ ಇರುತ್ತೆ.

ಹಿರಿಯರು: ಇದು ನನಗೆ ಒಪ್ಪಿಗೆ ಇಲ್ಲ. ನಾಳೆ ಇದನ್ನ ಇನ್ನೊಬ್ಬ ಬಿಚ್ಚುತಾನೆ. ಹಳೇ ಡಬ್ಬಿ ನೋಡಿ, ಇದು ಸತ್ತಿರಬೇಕು ಅಂತ ಸುಮ್ಮನೆ ಕಿತ್ತಾನು. ಇಲ್ಲಾ, ಇಷ್ಟು ವರ್ಷ ಬಾಳಿಕೆ ಬಂದೈತೆ ಅಂತ ನಂಬ್ಯಾನು. ಎರಡೂ ಮೋಸವೇ. ಹೊಸದನ್ನ ಕಣ್ಣಿಗೆ ಕಾಣೋ ಹಾಗೆ ಹಾಕಬೇಕು.

ಕಿರಿಯ: ಕಣ್ಣಿಗೆ ಕಾಣೋ ಹಾಗೆ ಅಂದ್ರೆ ಹಳದಿ ಪ್ಲಾಸ್ಟಿಕ್ ಡಬ್ಬಿ, ಕೇಬಲ್ ಟೈ. ಇಷ್ಟು ಅಂದವಾಗಿ ಕಟ್ಟಿದ ಒಳಭಾಗದಲ್ಲಿ ಅದು ಗಾಯದ ಹಾಗೆ ಕಾಣುತ್ತೆ ಮಾವ. ಇದರ ವೈರಿಂಗ್ ನೋಡಿ, ಒಂದೊಂದು ಟ್ಯಾಗಿನ ಮೇಲೂ ತಂತಿ ಸುತ್ತಿ ಆಮೇಲೆ ಬೆಸೆದಿದ್ದಾರೆ. ಯಾರೋ ಒಬ್ಬರ ಕೈಕೆಲಸ ಇದು. ಆ ಕೈಗೆ ಗೌರವ ಕೊಡೋದು ಮೋಸ ಹೇಗಾಗುತ್ತೆ?

ಹಿರಿಯರು: ಗೌರವ ಕೊಡು, ಬೇಡ ಅನ್ನಲ್ಲ. ಆದ್ರೆ ಬರೆದಿಡು. ಆ ಮೈಕ್ ಸೆಟ್ ಪೆಟ್ಟಿಗೆ ತಿರುಗಿಸಿ ನೋಡು.

ಮೈಕ್ ಸೆಟ್ಟಿನ ಆಂಪ್ಲಿಫೈಯರನ್ನು ಕಿರಿಯ ಮಗುಚಿ ಹಾಕಿದ. ಷಾಸಿಯ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಾಲುಗಳು: ಯಾವ ತಾರೀಕು ಯಾವ ಕಂಡೆನ್ಸರ್, ಯಾವ ವಾಲ್ವ್, ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಎಷ್ಟು ಸುತ್ತು. ಮೂರು ಬೇರೆ ಬೇರೆ ಕೈಬರಹ.

ಇಲ್ಲಿ ನನ್ನದೊಂದು ಮಾತು. 1964ರ ವೆನಿಸ್ ಸನ್ನದು ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಒಂದು ನಿಯಮ ಹಾಕಿತು: ಕಳೆದುಹೋದ ಭಾಗಕ್ಕೆ ಬದಲಿಯಾಗಿ ಇಟ್ಟದ್ದು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತೂ ಸಿಗಬೇಕು. ತುರುವೇಕೆರೆಯ ಹೊಯ್ಸಳ ಗುಡಿಗಳಲ್ಲಿ ಹೊಸ ಕಲ್ಲು ಇಡುವವರಿಗೆ ಅನ್ವಯಿಸುವ ಮಾತೇ ಈ ಮೇಜಿಗೂ ಅನ್ವಯಿಸುತ್ತದೆ. ಹುಡುಗ ಹೇಳುತ್ತಿದ್ದದ್ದು ಆ ನಿಯಮದ ಮೊದಲ ಅರ್ಧ, ಹಿರಿಯರು ಹೇಳುತ್ತಿದ್ದದ್ದು ಎರಡನೆಯ ಅರ್ಧ. ಡಬ್ಬಿಯೊಳಗೆ ಹೊಸ ಕೆಪಾಸಿಟರ್, ಷಾಸಿಯೊಳಗೆ ಪೆನ್ಸಿಲಿನ ಸಾಲು: ಎರಡೂ ಕೂಡಿದರೆ ತಪ್ಪಿಲ್ಲ ಎಂದು ನನ್ನ ಎಣಿಕೆ. ಅವರಿಬ್ಬರೂ ಇದನ್ನು ಪೂರ್ತಿ ಒಪ್ಪಲಿಲ್ಲ. ಹಿರಿಯರಿಗೆ ಡಬ್ಬಿ ಬಿಚ್ಚುವುದೇ ದಂಡದ ಕೆಲಸ, ಕಿರಿಯನಿಗೆ ಷಾಸಿಯ ಮೇಲೆ ಗೀಚುವುದೇ ಸಂಕಟ. ಚೀಟಿ ಬರೆದು ಒಳಗೆ ಅಂಟಿಸುತ್ತೇನೆ ಎಂದ.

ಹಿರಿಯರು: ಇರಲಿ. ಈಗ ನಾನು ಕೇಳ್ತೀನಿ. ಇದರ ಸದ್ದು ಇಷ್ಟು ಇಂಪು ಅಂತೀರಲ್ಲ, ಯಾಕೆ ಇಂಪು?

ಕಿರಿಯ: ವಾಲ್ವ್‌ಗಳು ಸೆಕೆಂಡ್ ಹಾರ್ಮೋನಿಕ್ ಸೇರಿಸ್ತವೆ, ಅಂದ್ರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಅದು ಕಿವಿಗೆ ಹಿತ ಅಂತ ಎಲ್ಲರೂ...

ಹಿರಿಯರು: ಎಲ್ಲರೂ ಹೇಳ್ತಾರೆ. ಆದ್ರೆ ಇದು ಪುಷ್‌ಪುಲ್. ಎರಡು ಕೆಟಿ66 ಎದುರುಬದುರು ಎಳೀತವೆ. ಸಮವಾಗಿ ಎಳೆದ್ರೆ ಸೆಕೆಂಡ್ ಹಾರ್ಮೋನಿಕ್ ಟ್ರಾನ್ಸ್‌ಫಾರ್ಮರಿನಲ್ಲೇ ಒಂದನ್ನೊಂದು ಹೊಡೆದು ಹಾಕಿಬಿಡುತ್ತೆ. ಮೇಲಿಂದ ಫೀಡ್‌ಬ್ಯಾಕ್ ಬೇರೆ. ವಾಕರ್ ಸಿಹಿ ಸೇರಿಸೋಕೆ ಕೂತಿರಲಿಲ್ಲ, ಏನನ್ನೂ ಸೇರಿಸದೆ ಇರೋಕೆ ಒದ್ದಾಡಿದ. 1947ರಲ್ಲಿ ವಿಲಿಯಮ್ಸನ್ ಅನ್ನೋನು ತನ್ನ ಆಂಪ್ಲಿಫೈಯರ್ ಸರ್ಕ್ಯೂಟ್ ಅಚ್ಚು ಹಾಕಿಸಿದಾಗಿಂದ ಆ ಕಾಲದ ಇಂಗ್ಲೆಂಡಿನವರ ಹಟವೇ ಅದು.

ಕಿರಿಯ: ಒಪ್ತೀನಿ. ಆದ್ರೂ ವ್ಯತ್ಯಾಸ ಇದೆ ಮಾವ. ತಾಕತ್ತು ಮೀರಿದಾಗ ಇದು ಟ್ರಾನ್ಸಿಸ್ಟರಿನ ಹಾಗೆ ಕತ್ತರಿಸಿದಂತೆ ಒಡೆಯಲ್ಲ, ಮೆಲ್ಲಗೆ ಬಾಗುತ್ತೆ. ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇರೋದ್ರಿಂದ ಸ್ಪೀಕರಿನ ಕೋನನ್ನ ಅಷ್ಟು ಬಿಗಿಯಾಗಿ ಹಿಡಿಯಲ್ಲ, ಸ್ವಲ್ಪ ಉಸಿರಾಡೋಕೆ ಬಿಡುತ್ತೆ. ವೀಣೆಯ ಮಂದ್ರದ ತಂತಿ ಕೇಳಿದಾಗ ನನಗೆ ಅದು ಗೊತ್ತಾಗುತ್ತೆ. ಅಳತೆಗೂ ಸಿಗೋ ವ್ಯತ್ಯಾಸ ಅದು, ನನ್ನ ಕಲ್ಪನೆ ಅಲ್ಲ.

ಹಿರಿಯರು: ಅಳತೆಗೆ ಸಿಗುತ್ತೆ, ನಿಜ. ಅಂದ್ರೆ ಅದು ಬಣ್ಣ. ನಿನಗೆ ಆ ಬಣ್ಣ ಇಷ್ಟ. ಅಂಗೈ ಅಗಲದ ಕ್ಲಾಸ್ ಡಿ ಆಂಪ್ಲಿಫೈಯರ್ ಬೋರ್ಡು ಇದರ ಐದರಷ್ಟು ತಾಕತ್ತು ಕೊಡುತ್ತೆ, ಬಿಸಿನೂ ಆಗಲ್ಲ. ಇದರ ವಾಲ್ವ್ ಹೀಟರುಗಳಿಗೇ ಸುಮಾರು 30 ವ್ಯಾಟ್ ಬೇಕು, ಹೊರಗೆ ಬರೋ ಸದ್ದು 15 ವ್ಯಾಟ್.

ಕಿರಿಯ: ಹಾಗಂತ ನೀವು ಈ ಪೆಟ್ಟಿಗೆ ಮುಚ್ಚಿ ಬೋರ್ಡ್ ಹಾಕ್ಕೋ ಅಂತ ಹೇಳ್ತಿಲ್ಲವಲ್ಲ.

ಹಿರಿಯರು: ಹೇಳಲ್ಲ. ಆ ಬೋರ್ಡು ಕೆಟ್ಟರೆ ಬಿಸಾಕಬೇಕು, ಇದು ಕೆಟ್ಟರೆ ರಿಪೇರಿ ಮಾಡಬಹುದು. ನನಗೆ ಅಷ್ಟೇ ಮುಖ್ಯ. ಆದ್ರೆ ಅದೇ ಲೆಕ್ಕದಲ್ಲಿ ನೋಡಿದ್ರೆ, ನಿನ್ನ ಕ್ವಾಡಿಗಿಂತ ನಮ್ಮ ಮೈಕ್ ಸೆಟ್ ಪೆಟ್ಟಿಗೆ ಮೇಲು.

ಕಿರಿಯ: ಅದು ಹೇಗೆ?

ಹಿರಿಯರು: ನಿನ್ನದರ ಟ್ರಾನ್ಸ್‌ಫಾರ್ಮರ್ ಡಬ್ಬಿಗೆ ಡಾಂಬರಿನಂಥದ್ದು ಕಾಯಿಸಿ ಹುಯ್ದಿದ್ದಾರೆ. ಒಳಗೆ ಒಂದು ಸುತ್ತು ಕಿತ್ತರೂ ಕೈ ಹಾಕೋ ಹಾಗಿಲ್ಲ. ಕರಗಿಸೋಕೆ ಹೋದ್ರೆ ವೈಂಡಿಂಗೇ ಹಾಳು. ನಮ್ಮದು ಬಿಚ್ಚುಗಡೆ. ಸ್ಟಾಂಪಿಂಗ್ ಒಂದೊಂದೇ ಬಿಡಿಸಿ, ಸುತ್ತು ಎಣಿಸ್ಕೊಂಡು ಬಿಚ್ಚಿ, ಪೇಪರ್ ಇಟ್ಟು ಮತ್ತೆ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸ್ತಿದ್ವಿ. ತಿಪಟೂರಿನ ಮೋಟಾರ್ ವೈಂಡಿಂಗ್ ಅಂಗಡೀಲಿ ತಂತಿ ಸಿಗ್ತಿತ್ತು. ಆದ್ರೆ ಪಂಪ್‌ಸೆಟ್ ಮೋಟಾರ್ ಸುತ್ತೋನಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬರಲ್ಲ, ತಿಳ್ಕೋ. ಪ್ರೈಮರಿ ಒಂದು ಪದರ, ಸೆಕೆಂಡರಿ ಒಂದು ಪದರ, ಮತ್ತೆ ಪ್ರೈಮರಿ, ಹೀಗೆ ಹೆಣೀಬೇಕು. ಒಟ್ಟಿಗೇ ಸುತ್ತಿಬಿಟ್ರೆ ಮೇಲಿನ ಸ್ವರಗಳೆಲ್ಲ ಮುಚ್ಚಿಹೋಗ್ತವೆ.

ಕಿರಿಯ: ಆದ್ರೆ ಆ ಡಾಂಬರೇ ಇದನ್ನ ಎಪ್ಪತ್ತು ವರ್ಷ ತೇವದಿಂದ ಕಾಪಾಡಿದ್ದು. ನಿಮ್ಮ ಬಿಚ್ಚುಗಡೆ ಟ್ರಾನ್ಸ್‌ಫಾರ್ಮರನ್ನ ಎಷ್ಟು ಸಲ ಸುತ್ತಿದ್ದೀರಿ ಅಂತ ಷಾಸಿಯೇ ಹೇಳ್ತಿದೆ. ಎರಡು ಸಲ! ಇದನ್ನ ಒಮ್ಮೆಯೂ ಸುತ್ತಬೇಕಾಗಿ ಬಂದಿಲ್ಲ. ಕೆಡದ ಹಾಗೆ ಕಟ್ಟೋದು ದೊಡ್ಡದಾ, ಕೆಟ್ಟಾಗ ಸರಿಮಾಡೋ ಹಾಗೆ ಕಟ್ಟೋದು ದೊಡ್ಡದಾ?

ಹಿರಿಯರು: ಇಂಗ್ಲೆಂಡಲ್ಲಿ ಮನೆಯೊಳಗೆ ಕೂರೋ ಪೆಟ್ಟಿಗೆಗೆ ಮೊದಲನೇದು. ಎತ್ತಿನ ಗಾಡೀಲಿ ಎಡೆಯೂರು ಜಾತ್ರೆಗೆ ಹೋಗೋ ಪೆಟ್ಟಿಗೆಗೆ ಎರಡನೇದು. ನಾವು ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, 100 ವೋಲ್ಟ್ ಲೈನಲ್ಲಿ ಫರ್ಲಾಂಗುಗಟ್ಟಲೆ ತಂತಿ ಎಳೀತಿದ್ವಿ. ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದ್ರೆ ಬೆಳಗಿನ ತನಕ. ದುರ್ಯೋಧನ ಮೈಕಿಗೆ ಬಾಯಿಟ್ಟು ಕೂಗಿದ್ರೆ ವಾಲ್ವೊಳಗೆ ನೀಲಿ ಬೆಳಕು ಕುಣೀತಿತ್ತು. ಆಗಿನ ಕರೆಂಟೋ! ಈಗಲೂ ಅಷ್ಟೇ, ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಓಡಿದ್ರೆ 180ಕ್ಕೆ ಇಳಿಯುತ್ತೆ, ತ್ರೀ ಫೇಸ್ ನಿಂತ ಮೇಲೆ 250 ದಾಟುತ್ತೆ. 230ಕ್ಕೆ 6.3 ವೋಲ್ಟ್ ಬರೋ ಹೀಟರಿಗೆ 250ರಲ್ಲಿ 6.85. ಹತ್ತು ಪರ್ಸೆಂಟಿನ ಗಡಿ 6.93. ಸ್ಟೆಬಿಲೈಸರ್ ಇಲ್ಲದೆ ನಿನ್ನ ಕ್ವಾಡನ್ನ ಈ ಊರಲ್ಲಿ ಹಚ್ಚಬೇಡ.

ಕಿರಿಯ: ನೀವು ಅದರ ಬಗ್ಗೆ ಮಾತಾಡುವಾಗ ಮುಖವೇ ಬೇರೆ ಆಗುತ್ತೆ ಮಾವ. ಆದ್ರೂ ಅದನ್ನ ಅಟ್ಟದ ಮೇಲೆ ಬಿಟ್ಟಿದ್ರಿ.

ಹಿರಿಯರು: ಹಾರ್ನ್ ಆಂಪ್ಲಿಫೈಯರಪ್ಪಾ ಅದು. ಮಾತು ಊರಾಚೆ ತನಕ ಮುಟ್ಟಿದ್ರೆ ಸಾಕು ಅಂತ ಮಾಡಿದ್ದು. ವೀಣೆ ಕೇಳೋಕೆ ಆಗಲ್ಲ. ಆ ಮಟ್ಟಿಗೆ ನಿನ್ನದೇ ಮೇಲು, ನಾನೇನು ಸುಳ್ಳು ಹೇಳಲ್ಲ.

ಕಿರಿಯ: ನನ್ನ ಲೆಕ್ಕ ಈಗ ಬೇರೆ ಆಗ್ತಿದೆ. ಕ್ವಾಡ್ 2 ಜಗತ್ತಿನಲ್ಲಿ ಸಾವಿರಾರು ಇವೆ, ಅದರ ಸರ್ಕ್ಯೂಟು, ಫೋಟೊ, ಪ್ರತಿ ರೆಸಿಸ್ಟರಿನ ಬೆಲೆ ಎಲ್ಲ ದಾಖಲಾಗಿದೆ. ಅಮೆರಿಕದ ಮ್ಯಾಕಿಂತಾಷ್ ಕಂಪನಿ 1961ರ ಎಂಸಿ275 ಮಾದರಿಯನ್ನ 1993ರಲ್ಲಿ ತಾನೇ ಮತ್ತೆ ತಯಾರಿಸಿತು. ಅಂಥವು ಕಳೆದುಹೋಗಲ್ಲ. ಕಳೆದುಹೋಗ್ತಿರೋದು ಇದು. ಒಳಗಿನ ಬರಹ ಇರೋ ಇನ್ನೊಂದು ಮೈಕ್ ಸೆಟ್ ಈ ತಾಲ್ಲೂಕಿನಲ್ಲಿ ಉಳಿದಿದೆಯಾ?

ಹಿರಿಯರು: ಎಲ್ಲ ಗುಜರಿಗೆ ಹೋದ್ವು. ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ ಕಾಸು ಬರುತ್ತೆ. ಟ್ರಾನ್ಸಿಸ್ಟರ್ ಸೆಟ್ ಬಂದ ಮೇಲೆ ವಾಲ್ವ್ ಹೊರೋರು ಯಾರು? ಆದ್ರೆ ಹಾಗಂತ ಇದನ್ನ ಪೂಜೆ ಮಾಡಬೇಕಿಲ್ಲ. ಕೆಲಸ ಮುಗಿಸಿದ ಯಂತ್ರ. ನನಗೆ ಬೇಜಾರು ಬೇರೆ ಕಡೆ ಐತೆ.

ಕಿರಿಯ: ಎಲ್ಲಿ?

ಹಿರಿಯರು: ಗ್ರಿಡ್ಡಿನ ಮೇಲೆ ನಾಲ್ಕು ವೋಲ್ಟ್ ಬಂದ್ರೆ ಏನರ್ಥ ಅಂತ ತಿಳಿದೋರು ಇನ್ನೆಷ್ಟು ಜನ ಇದಾರೆ? ಪೆಟ್ಟಿಗೆ ಹೋದ್ರೆ ಇನ್ನೊಂದು ಕಟ್ಟಬಹುದು. ಸರ್ಕ್ಯೂಟ್ ತಿಳಿದೋರು ಹೋದ್ರೆ ಷೋಕೇಸಲ್ಲಿ ಇಡಬೇಕಷ್ಟೇ. ಜಾಲಹಳ್ಳೀಲಿ ಬಿಇಎಲ್‌ನೋರು 1961ರಿಂದ ವಾಲ್ವ್ ಮಾಡ್ತಿದ್ರು. ಇಎಲ್84, ಇಸಿಸಿ83 ಬೇಕಾದ್ರೆ ಬೆಂಗಳೂರಿಗೆ ರೈಲು ಹತ್ತಿದ್ರೆ ಆಯ್ತು, ಸಂಜೆಗೆ ವಾಪಸ್ಸು. ನಮ್ಮ ರಾಜ್ಯದೊಳಗೇ ಗಾಜು ಊದಿ, ಗಾಳಿ ಎಳೆದು ವಾಲ್ವ್ ಮಾಡೋ ಕೈಗಳಿದ್ವು.

ಕಿರಿಯ: ಆ ಬಿಇಎಲ್ ವಾಲ್ವ್‌ಗಳನ್ನ ಈಗ ಹೊರದೇಶದವರು ಹುಡುಕಿ ಕೊಳ್ತಾರೆ ಮಾವ. ಹೊಸ ವಾಲ್ವ್ ಬೇಕಂದ್ರೆ ನಮಗೆ ರಷ್ಯಾ, ಸ್ಲೊವಾಕಿಯಾ, ಚೀನಾ ಬಿಟ್ರೆ ಹೆಚ್ಚು ದಾರಿ ಇಲ್ಲ. 2022ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ವಾಲ್ವಿನ ರಫ್ತಿಗೆ ತಡೆ ಬಿದ್ದು ಎಲ್ಲರೂ ಕಂಗಾಲಾಗಿದ್ರು. ಆದ್ರೆ ಒಂದು ಮಾತು. ನೀವು ತಿಳಿವಳಿಕೆ ದೊಡ್ಡದು, ಪೆಟ್ಟಿಗೆ ಚಿಕ್ಕದು ಅಂತೀರಿ. ಈ ಪೆಟ್ಟಿಗೆ ಹೊತ್ಕೊಂಡು ಬರದಿದ್ರೆ ಇವತ್ತು ನೀವು ನನಗೆ ಏನು ಕಲಿಸ್ತಿದ್ರಿ?

ಹಿರಿಯರು: ಕಲಿಸೋಕೆ ನನ್ನ ಪೆಟ್ಟಿಗೆನೂ ಇತ್ತಲ್ಲ.

ಕಿರಿಯ: ಇತ್ತು, ಅಟ್ಟದ ಮೇಲೆ. ಅದನ್ನ ಇಳಿಸಿದ್ದು ಇದು ಬಂದ ಮೇಲೆ.

ಹಿರಿಯರು ಅದಕ್ಕೆ ಉತ್ತರ ಕೊಡಲಿಲ್ಲ. ಮೇನ್ಸ್ ಪ್ಲಗ್ ಕಿತ್ತು ಪಕ್ಕಕ್ಕಿಟ್ಟರು. 10 ಕಿಲೊ ಓಮ್‌ನ ದಪ್ಪ ರೆಸಿಸ್ಟರಿಗೆ ಬೆಸೆದ ಎರಡು ತಂತಿಗಳನ್ನು ತೆಗೆದುಕೊಂಡು, ಒಂದನ್ನು ಷಾಸಿಗೂ ಇನ್ನೊಂದನ್ನು ಫಿಲ್ಟರಿನ ಟ್ಯಾಗಿಗೂ ಹಿಡಿದರು. ಮೀಟರಿನಲ್ಲಿ ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಸ್ವಿಚ್ ಆರಿಸಿದ ಮೇಲೂ ಒಳಗೆ ಕೊಲ್ಲುವಷ್ಟು ಕರೆಂಟ್ ನಿಂತಿರುತ್ತೆ, ಇದನ್ನು ಮಾಡದೆ ಬೆರಳು ಇಡಬೇಡ ಎಂದು ಹೇಳಿ ಸಾಲ್ಡರಿಂಗ್ ಐರನ್ನನ್ನು ಹುಡುಗನ ಕೈಗೆ ಕೊಟ್ಟರು.

ಹಿರಿಯರು: ಕಪ್ಲಿಂಗ್ ಎರಡೂ ಕಿತ್ತು ಹಾಕು. 180 ಓಮ್‌ದು ಅಳೆದು ನೋಡು, ತಪ್ಪಿದ್ರೆ ಅದೂ ಹೊಸದು, ಅದರ ಮೇಲಿನ ಬೈಪಾಸ್ ಕಂಡೆನ್ಸರೂ ಹೊಸದು. ಫಿಲ್ಟರ್ ಡಬ್ಬಿ ನಿನ್ನಿಷ್ಟ, ನಾನು ಮುಟ್ಟಲ್ಲ.

ಕಿರಿಯ: ಕಿತ್ತಿದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಆಂಪ್ಲಿಫೈಯರ್ ಜೊತೆಗೇ ಇಡ್ತೀನಿ. ಮುಂದೆ ಯಾರಿಗಾದ್ರೂ ಮೂಲ ಹೇಗಿತ್ತು ಅಂತ ನೋಡಬೇಕು ಅನ್ನಿಸಬಹುದು. ಅದಾದ ಮೇಲೆ ಮೈಕ್ ಸೆಟ್ ಶುರು ಮಾಡೋಣ.

ಹಿರಿಯರು: ಅದನ್ನ ಯಾಕೆ? ಯಾರು ಕೇಳ್ತಾರೆ ಅದನ್ನ?

ಕಿರಿಯ: ನಾನು ಕೇಳ್ತೀನಿ. ಹಾರ್ನ್ ಸಿಕ್ಕಿದ್ರೆ ತೆಂಗಿನ ಮರಕ್ಕೇ ಕಟ್ಟಿ ಕೇಳ್ತೀನಿ.

ಅವರ ವಾದ ಅಲ್ಲಿಗೆ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಆದರೆ ಇಬ್ಬರೂ ಒಂದೇ ದನಿಯಲ್ಲಿ ಹೇಳಿದ ಮಾತನ್ನು ಓದುಗರಿಗೆ ತಲುಪಿಸುವುದು ನನ್ನ ಕೆಲಸ. ಗುಬ್ಬಿಯಿಂದ ತಿಪಟೂರಿನವರೆಗೆ ಈ ರೈಲು ದಾರಿಯ ಊರುಗಳಲ್ಲಿ, ನಾಟಕದ ಸಂಘಗಳ ಕೋಣೆಗಳಲ್ಲಿ, ಮುಚ್ಚಿದ ಟೂರಿಂಗ್ ಟಾಕೀಸಿನವರ ಮನೆಗಳಲ್ಲಿ ವಾಲ್ವ್ ಆಂಪ್ಲಿಫೈಯರುಗಳು ಇನ್ನೂ ಬಿದ್ದಿರಬಹುದು. ನಿಮ್ಮ ಅಟ್ಟದಲ್ಲಿ ಒಂದಿದ್ದರೆ ತಾಮ್ರದ ತೂಕಕ್ಕೆ ಗುಜರಿಗೆ ಕೊಡಬೇಡಿ. ಕುತೂಹಲಕ್ಕೆಂದು ನೇರವಾಗಿ ಪ್ಲಗ್ಗಿಗೂ ಹಾಕಬೇಡಿ, ಒಳಗೆ ಕೈಯಂತೂ ಹಾಕಲೇಬೇಡಿ. ಊರಿನಲ್ಲಿ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರು ಇನ್ನೂ ಇದ್ದರೆ ಅವರ ಬಳಿಗೆ ಒಯ್ಯಿರಿ, ಜೊತೆಗೆ ಸಾಲ್ಡರಿಂಗ್ ಹಿಡಿಯಬಲ್ಲ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ.